ವಿದೇಶಿ ವಿನಿಮಯ ಮೀಸಲಿನ ಪಟ್ಟಿಯಲ್ಲಿರುವ ಈ ‘ಮೈನಸ್’ ಅಂಕಿ ಏನನ್ನು ಹೇಳುತ್ತದೆ?

ತುಂಗಾತೀರ (ಪ್ರಶ್ನೆ)

ಪ್ರತಿ ಶುಕ್ರವಾರ ಸಂಜೆ ಆರ್‌ಬಿಐ ದೇಶದ ವಿದೇಶಿ ವಿನಿಮಯ ಮೀಸಲಿನ ಅಂಕಿಯನ್ನು ಪ್ರಕಟಿಸುತ್ತದೆ, ಶನಿವಾರದ ಪತ್ರಿಕೆಯ ವಾಣಿಜ್ಯ ಪುಟದ ಮೂಲೆಯಲ್ಲಿ ಅದು ಏರಿತೆಂದೋ ಇಳಿಯಿತೆಂದೋ ನಾಲ್ಕು ಸಾಲಿನ ಸುದ್ದಿ ಬರುತ್ತದೆ. ಆ ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಅಭ್ಯಾಸ ನನಗೆ ಕೆಲವು ವರ್ಷಗಳಿಂದ ಇದೆ. 2024ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ 704.9 ಶತಕೋಟಿ ಡಾಲರ್ ಎಂದು ಬರೆದುಕೊಂಡಿದ್ದೆ. 2025ರ ಜನವರಿ 17ರ ಎದುರಿಗೆ 624 ಶತಕೋಟಿ ಎಂದಿದೆ. ನಾಲ್ಕು ತಿಂಗಳೂ ತುಂಬದ ಅವಧಿಯಲ್ಲಿ 80 ಶತಕೋಟಿ ಕರಗಿದ್ದಕ್ಕೆ ಪತ್ರಿಕೆಗಳು ಕೊಟ್ಟ ಕಾರಣಗಳು, ಅಂದರೆ ವಿದೇಶಿ ಹೂಡಿಕೆದಾರರು ಷೇರು ಮಾರಿದ್ದು, ರೂಪಾಯಿ ಕುಸಿಯದಂತೆ ಆರ್‌ಬಿಐ ಡಾಲರ್ ಮಾರಿದ್ದು, ಡಾಲರ್ ಎದುರು ಯೂರೊ, ಪೌಂಡ್‌ಗಳ ಬೆಲೆ ಇಳಿದದ್ದು, ಇವೆಲ್ಲ ನನಗೆ ಅರ್ಥವಾದವು.

ಅರ್ಥವಾಗದೆ ಉಳಿದದ್ದು ಬೇರೆ. ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ನಿಗದಿಪಡಿಸಿದ ನಮೂನೆಯಲ್ಲಿ ಆರ್‌ಬಿಐ ತಿಂಗಳಿಗೊಮ್ಮೆ ಇನ್ನೊಂದು ಪಟ್ಟಿಯನ್ನೂ ಹೊರಡಿಸುತ್ತದೆ ಎಂಬುದು ನನಗೆ ಗೊತ್ತಾದದ್ದು ಈಚೆಗೆ. ಅದರ ಮೊದಲ ಭಾಗದಲ್ಲಿ ನಮಗೆ ಪರಿಚಯವಿರುವ ಮೀಸಲು ಇದೆ. ಎರಡನೆಯ ಭಾಗದ ತಲೆಬರಹವನ್ನು ಕನ್ನಡದಲ್ಲಿ ‘ಪೂರ್ವನಿಗದಿತ ಅಲ್ಪಾವಧಿ ನಿವ್ವಳ ಹೊರಹರಿವು’ ಎನ್ನಬಹುದೇನೋ. ಅಲ್ಲಿ ಒಂದು ತಿಂಗಳೊಳಗೆ, ಒಂದರಿಂದ ಮೂರು ತಿಂಗಳು, ಮೂರು ತಿಂಗಳಿಂದ ಒಂದು ವರ್ಷ ಎಂದು ಕಾಲಂಗಳಿವೆ. ಫಾರ್ವರ್ಡ್ ಎಂಬ ಸಾಲಿನಲ್ಲಿ ದೊಡ್ಡ ಮೈನಸ್ ಅಂಕಿಗಳಿವೆ. ಮೂರನೆಯ ಭಾಗದಲ್ಲಿ ‘ಸಂಭಾವ್ಯ’ ಹೊರಹರಿವು ಎಂದಿದೆ.

ನನ್ನ ಪ್ರಶ್ನೆ ಇಷ್ಟು. ಶುಕ್ರವಾರದ ಅಂಕಿಯಲ್ಲಿ ಈ ಮೈನಸ್ಸನ್ನು ಕಳೆದಿರುತ್ತಾರೆಯೇ? ಇದು ದೇಶ ತೀರಿಸಬೇಕಾದ ಸಾಲವೇ? ಅಥವಾ ಈ ಡಾಲರುಗಳು ಈಗಾಗಲೇ ಕೈಬಿಟ್ಟು ಹೋಗಿದ್ದು, ಲೆಕ್ಕದಲ್ಲಿ ಮಾತ್ರ ಉಳಿದಿವೆಯೇ?

ಹಳೆಯ ಟ್ರೆಷರಿ

ಕಳೆದಿರುವುದಿಲ್ಲ. ಶುಕ್ರವಾರದ ಅಂಕಿ ಅದರ ಹಿಂದಿನ ಶುಕ್ರವಾರ ಕಣಜದಲ್ಲಿ ಕಂಡ ಭತ್ತದ ಅಳತೆ. ಅದರಲ್ಲಿ ಎಷ್ಟು ಪಲ್ಲವನ್ನು ಯಾರಿಗೆ, ಯಾವ ತಿಂಗಳು ಅಳೆದು ಕೊಡುತ್ತೇವೆಂದು ಮಾತು ಕೊಟ್ಟಿದ್ದೇವೆ ಎಂಬುದು ಎರಡನೆಯ ಭಾಗದಲ್ಲಿದೆ. ನಾನು ಒಂದು ಸರ್ಕಾರಿ ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗದಲ್ಲಿ ಹದಿನೇಳು ವರ್ಷ ಕೆಲಸ ಮಾಡಿದವನಾದ್ದರಿಂದ ಈ ಮೈನಸ್ ಹುಟ್ಟುವ ಬಗೆಯನ್ನು ನೂರು ಡಾಲರಿನ ಲೆಕ್ಕದಲ್ಲಿ ಹೇಳುತ್ತೇನೆ.

ಪೇಟೆಯಲ್ಲಿ ಡಾಲರಿಗೆ ಬೇಡಿಕೆ ಹೆಚ್ಚಿ ರೂಪಾಯಿ ಜಾರುತ್ತಿದೆ ಎನ್ನೋಣ. ಆರ್‌ಬಿಐ 85 ರೂಪಾಯಿ ದರದಲ್ಲಿ 100 ಡಾಲರ್ ಮಾರುತ್ತದೆ. ಮೀಸಲು 100 ಡಾಲರಿನಷ್ಟು ಇಳಿಯುತ್ತದೆ, ಜೊತೆಗೆ ಬ್ಯಾಂಕುಗಳ ಬಳಿ ಇದ್ದ 8,500 ರೂಪಾಯಿ ಆರ್‌ಬಿಐ ಒಳಗೆ ಹೋಗಿ ಪೇಟೆಯಲ್ಲಿ ನಗದಿನ ಬಿಗಿ ಉಂಟಾಗುತ್ತದೆ. ಈ ಬಿಗಿಯನ್ನು ಸಡಿಲಿಸಲು ಆರ್‌ಬಿಐ ಒಂದು ಬ್ಯಾಂಕಿನೊಡನೆ ಸ್ವಾಪ್ ಒಪ್ಪಂದ ಮಾಡಿಕೊಳ್ಳುತ್ತದೆ: ಇಂದು ನಿನ್ನಿಂದ 100 ಡಾಲರನ್ನು 85ರಂತೆ ಕೊಳ್ಳುತ್ತೇನೆ, ಆರು ತಿಂಗಳ ನಂತರ ಅದೇ 100 ಡಾಲರನ್ನು 86ರಂತೆ ನಿನಗೆ ಮಾರುತ್ತೇನೆ. ಈಗ ನೋಡಿ, ಮೀಸಲು ಮೊದಲಿದ್ದಲ್ಲಿಗೇ ಬಂತು, 8,500 ರೂಪಾಯಿ ಬ್ಯಾಂಕುಗಳಿಗೆ ಮರಳಿತು, ಶುಕ್ರವಾರದ ಅಂಕಿಯನ್ನು ಮಾತ್ರ ನೋಡುವವನಿಗೆ ಏನೂ ನಡೆದಂತೆಯೇ ಕಾಣುವುದಿಲ್ಲ. ನಡೆದದ್ದೆಲ್ಲ ಒಂದು ವಾಗ್ದಾನದ ರೂಪದಲ್ಲಿ ಎರಡನೆಯ ಭಾಗದ ಮೂರನೆಯ ಕಾಲಂನಲ್ಲಿ ‘ಮೈನಸ್ 100’ ಎಂದು ಕುಳಿತಿರುತ್ತದೆ. ಸ್ಪಾಟ್ (ಕೂಡಲೇ ಡಾಲರ್ ಕೈಬದಲಾಗುವ ವಹಿವಾಟು) ಮುಟ್ಟದೆ ನೇರವಾಗಿ ಫಾರ್ವರ್ಡ್‌ನಲ್ಲಿ, ಅಂದರೆ ಮುಂದೊಂದು ದಿನ ಕೊಡುವುದಕ್ಕೆ ಇಂದೇ ದರ ಗೊತ್ತುಮಾಡಿ, ಡಾಲರ್ ಮಾರಿದರೂ ಅಷ್ಟೇ, ಮೀಸಲು ಅಂದು ಅಲ್ಲಾಡದು.

2025ರ ಫೆಬ್ರವರಿ ಕೊನೆಗೆ ಆರ್‌ಬಿಐನ ನಿವ್ವಳ ಫಾರ್ವರ್ಡ್ ಮಾರಾಟ 88.7 ಶತಕೋಟಿ ಡಾಲರ್ ತಲುಪಿತ್ತು. ಅದೇ ಹೊತ್ತಿನ ಮೀಸಲು ಸುಮಾರು 638 ಶತಕೋಟಿ. ಒಂದರಿಂದ ಇನ್ನೊಂದನ್ನು ಕಳೆದರೆ 550ರ ಆಸುಪಾಸು ಬರುತ್ತದೆ. ಹಾಗೆ ಕಳೆಯುವುದು ಪೂರ್ತಿ ಸರಿಯಲ್ಲ, ಆದರೆ ಕಳೆಯದೆ ಇರುವುದು ಇನ್ನೂ ದೊಡ್ಡ ತಪ್ಪು ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಸರಿಯಲ್ಲ ಎಂದದ್ದು ಏಕೆಂದರೆ ಇದು ಸಾಲವಲ್ಲ. ಕೊಡುವ ದಿನ ಆರ್‌ಬಿಐ ಡಾಲರನ್ನು ಪುಕ್ಕಟೆ ಕೊಡುವುದಿಲ್ಲ, ಎದುರಿಗೆ ರೂಪಾಯಿ ಪಡೆಯುತ್ತದೆ. ಮೇಲಾಗಿ, ಪೇಟೆಗೆ ಡಾಲರ್ ಹರಿದುಬರುತ್ತಿರುವ ಕಾಲವಾಗಿದ್ದರೆ ಅಲ್ಲಿಂದಲೇ ಕೊಂಡು ಕೊಡಬಹುದು, ಇಲ್ಲವೇ ಒಪ್ಪಂದವನ್ನು ಇನ್ನಷ್ಟು ಕಾಲ ಮುಂದಕ್ಕೆ ತಳ್ಳಬಹುದು.

ಎರಡನೆಯ ಭಾಗದಲ್ಲಿ ಫಾರ್ವರ್ಡ್ ಅಲ್ಲದೆ, ಕೇಂದ್ರ ಸರ್ಕಾರ ವಿಶ್ವಬ್ಯಾಂಕ್ ಮೊದಲಾದವುಗಳಿಗೆ ಒಂದು ವರ್ಷದೊಳಗೆ ಕಟ್ಟಬೇಕಾದ ಅಸಲು, ಬಡ್ಡಿಯೂ ಇರುತ್ತದೆ. ನಮ್ಮ ಸರ್ಕಾರ ವಿದೇಶದಲ್ಲಿ ಡಾಲರ್ ಬಾಂಡ್ ಮಾರಿ ಸಾಲ ಎತ್ತುವುದಿಲ್ಲವಾದ್ದರಿಂದ ಆ ಸಾಲು ಹೆಚ್ಚು ತಲೆನೋವಿನದಲ್ಲ. ಮೂರನೆಯ ಭಾಗದ ‘ಸಂಭಾವ್ಯ’ ಎಂದರೆ ಸಂದರ್ಭ ಒದಗಿದರೆ ಮಾತ್ರ ಬೀಳುವ ಹೊರೆ: ಸರ್ಕಾರ ಜಾಮೀನು ನಿಂತ ವಿದೇಶಿ ಸಾಲ, ಅವಧಿಗೆ ಮೊದಲೇ ಹಣ ವಾಪಸು ಕೇಳುವ ಹಕ್ಕುಳ್ಳ ಬಾಂಡು, ಮಾರಿದ ಆಪ್ಷನ್ನು (ಬೇಕೆನಿಸಿದರೆ ಗೊತ್ತುಮಾಡಿದ ದರದಲ್ಲಿ ಡಾಲರ್ ಕೊಳ್ಳುವ ಹಕ್ಕು), ಇಂಥವು.

ಅರ್ಥಶಾಸ್ತ್ರದ ಮೇಷ್ಟ್ರು

ಮೇಲಿನ ಉತ್ತರ ಯಂತ್ರವನ್ನು ಬಿಚ್ಚಿ ತೋರಿಸಿದೆ. ಈ ಪಟ್ಟಿ ಹುಟ್ಟಿದ್ದು ಏಕೆ ಎಂಬುದನ್ನು ನಾನು ಸೇರಿಸುತ್ತೇನೆ, ಏಕೆಂದರೆ 1999ಕ್ಕಿಂತ ಮೊದಲು ಇಂಥ ನಮೂನೆಯೇ ಇರಲಿಲ್ಲ.

1997ರ ಜೂನ್ ಕೊನೆಯಲ್ಲಿ ಥಾಯ್ಲೆಂಡಿನ ಕೇಂದ್ರ ಬ್ಯಾಂಕು ಹೊರಗೆ ತೋರಿಸುತ್ತಿದ್ದ ಮೀಸಲು 32 ಶತಕೋಟಿ ಡಾಲರ್ ಮೀರಿತ್ತು. ಡಾಲರಿಗೆ ಸುಮಾರು 25 ಬಾತ್ ಎಂಬ ದರವನ್ನು ಉಳಿಸಿಕೊಳ್ಳಲು ಅದು ತಿಂಗಳುಗಟ್ಟಲೆ ಡಾಲರ್ ಮಾರುತ್ತಿತ್ತು, ಮಾರಿದ್ದನ್ನು ಸ್ವಾಪ್ ಮೂಲಕ ಒಳಗೆ ತಂದುಕೊಂಡು ಮೀಸಲು ಇಳಿದಿಲ್ಲವೆಂದು ತೋರಿಸುತ್ತಿತ್ತು. ‘ಹಳೆಯ ಟ್ರೆಷರಿ’ಯವರು ಹೇಳಿದ ನೂರು ಡಾಲರಿನ ಲೆಕ್ಕವೇ ಅದು, ಒಂದು ಅಕ್ಷರವೂ ಬೇರೆಯಲ್ಲ. ಜುಲೈ 2ರಂದು ಬಾತ್‌ನ ಕಟ್ಟು ಬಿಚ್ಚಬೇಕಾಯಿತು. ಐಎಂಎಫ್ ನೆರವಿನ ಮಾತುಕತೆ ಮುಗಿದು ಆಗಸ್ಟ್‌ನಲ್ಲಿ ಫಾರ್ವರ್ಡ್ ಬಾಧ್ಯತೆ 23.4 ಶತಕೋಟಿ ಡಾಲರ್ ಎಂಬ ಸತ್ಯ ಹೊರಬಿತ್ತು. ತಿಜೋರಿಯಲ್ಲಿ ಕಾಣುತ್ತಿದ್ದ ಮೂರು ಡಾಲರುಗಳಲ್ಲಿ ಎರಡಕ್ಕಿಂತ ಹೆಚ್ಚು ಆಗಲೇ ಬೇರೆಯವರಿಗೆ ಬರೆದುಕೊಟ್ಟಾಗಿತ್ತು.

ಅದೇ ವರ್ಷ ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಬೇರೆಯೇ ಬಗೆಯದು, ನನ್ನ ದೃಷ್ಟಿಯಲ್ಲಿ ಹೆಚ್ಚು ಕಲಿಸುವಂಥದು. ಅಲ್ಲಿನ ಕೇಂದ್ರ ಬ್ಯಾಂಕು ತನ್ನ ಮೀಸಲಿನ ಡಾಲರುಗಳಲ್ಲಿ ಬಹಳಷ್ಟನ್ನು ಕೊರಿಯಾದ ವಾಣಿಜ್ಯ ಬ್ಯಾಂಕುಗಳ ವಿದೇಶಿ ಶಾಖೆಗಳಲ್ಲೇ ಠೇವಣಿ ಇಟ್ಟಿತ್ತು. ಆ ಬ್ಯಾಂಕುಗಳು ಜಪಾನ್, ಯುರೋಪ್‌ಗಳ ಬ್ಯಾಂಕುಗಳಿಂದ ಅಲ್ಪಾವಧಿಗೆ ಸಾಲ ತಂದು ದೀರ್ಘಾವಧಿಗೆ ಕೊಟ್ಟಿದ್ದವು. ಸಾಲ ನವೀಕರಿಸಲು ಹೊರಗಿನವರು ಒಪ್ಪದಿದ್ದಾಗ ಕೇಂದ್ರ ಬ್ಯಾಂಕಿನ ಠೇವಣಿ ಆ ಸಾಲ ತೀರಿಸುವುದಕ್ಕೇ ಹೋಯಿತು. 1997ರ ನವೆಂಬರ್ ಕೊನೆಗೆ ಅಧಿಕೃತ ಮೀಸಲು 24 ಶತಕೋಟಿ ಡಾಲರಿಗೂ ಸ್ವಲ್ಪ ಹೆಚ್ಚು. ಬೇಕೆಂದಾಗ ಕೈಗೆ ಸಿಗುವಂತಿದ್ದದ್ದು 7 ಶತಕೋಟಿಯ ಸುತ್ತಮುತ್ತ.

ಇಲ್ಲೊಂದು ಸೂಕ್ಷ್ಮವಿದೆ. ಇಂದಿನ ಐಎಂಎಫ್ ನಮೂನೆಯ ಎರಡನೆಯ ಭಾಗ ಕೇಂದ್ರ ಬ್ಯಾಂಕು ಮತ್ತು ಕೇಂದ್ರ ಸರ್ಕಾರದ ಹೊರೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಥಾಯ್ಲೆಂಡಿನ ಫಾರ್ವರ್ಡ್ ಅದರಲ್ಲಿ ಸಿಕ್ಕಿಬೀಳುತ್ತಿತ್ತು, ಕೊರಿಯಾದ ಖಾಸಗಿ ಬ್ಯಾಂಕುಗಳ ಸಾಲ ಸಿಕ್ಕಿಬೀಳುತ್ತಿರಲಿಲ್ಲ. ಆದ್ದರಿಂದ ಈ ಪಟ್ಟಿಯೊಂದನ್ನೇ ಓದಿ ನಿರಾಳವಾಗುವುದು ತಪ್ಪು. ಇದರ ಪಕ್ಕದಲ್ಲಿ ದೇಶದ ಒಟ್ಟು ವಿದೇಶಿ ಸಾಲದ ವರದಿಯನ್ನೂ ಇಟ್ಟುಕೊಳ್ಳಬೇಕು. ಆರ್ಜೆಂಟೀನಾದ ಹಣಕಾಸು ಇಲಾಖೆಯಲ್ಲಿದ್ದ ಪಾಬ್ಲೊ ಗೈಡೊಟ್ಟಿ ಸೂಚಿಸಿ, ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷರಾಗಿದ್ದ ಅಲನ್ ಗ್ರೀನ್‌ಸ್ಪ್ಯಾನ್ 1999ರಲ್ಲಿ ಪ್ರಚಾರಕ್ಕೆ ತಂದ ನಿಯಮ ಕೇಳುವುದೂ ಇದನ್ನೇ: ಹೊಸ ಸಾಲ ಒಂದು ಡಾಲರೂ ಹುಟ್ಟದಿದ್ದರೆ, ಮುಂದಿನ ಒಂದು ವರ್ಷದಲ್ಲಿ ತೀರಿಸಬೇಕಾದ ವಿದೇಶಿ ಸಾಲವನ್ನೆಲ್ಲ ಮೀಸಲಿನಿಂದಲೇ ತೀರಿಸಬಹುದೇ?

ಭಾರತದ ಅಂಕಿ ಹೀಗಿದೆ. 1991ರ ಮಾರ್ಚ್‌ನಲ್ಲಿ ಅಲ್ಪಾವಧಿ ಸಾಲ ಮೀಸಲಿನ ಶೇ 146.5ರಷ್ಟಿತ್ತು, 2025ರ ಮಾರ್ಚ್‌ನಲ್ಲಿ ಶೇ 20ರಷ್ಟಿದೆ. ಆದರೆ ಇದು ತರುವಾಗಲೇ ಅಲ್ಪಾವಧಿಗೆಂದು ತಂದ ಸಾಲದ ಲೆಕ್ಕ, ಬಹುಪಾಲು ಆಮದುದಾರರ ವ್ಯಾಪಾರ ಸಾಲ. ಹತ್ತು ವರ್ಷದ ಹಿಂದೆ ತಂದು ಈ ವರ್ಷ ತೀರಿಸಬೇಕಾದದ್ದನ್ನೂ, ಅನಿವಾಸಿ ಭಾರತೀಯರ ಠೇವಣಿಗಳಲ್ಲಿ ಈ ವರ್ಷ ಅವಧಿ ಮುಗಿಯುವುದನ್ನೂ ಸೇರಿಸಿದರೆ ಅದು ಶೇ 45ಕ್ಕೆ ಏರುತ್ತದೆ. ಗೈಡೊಟ್ಟಿಯ ನಿಯಮಕ್ಕೆ ಹೆಚ್ಚಾಗುವ ಅಂಕಿಯಲ್ಲ, ಆದರೂ ಪತ್ರಿಕೆಗಳು ಶೇ 20 ಎಂದಷ್ಟೇ ಬರೆದು ನಿಲ್ಲಿಸುವುದು ನನಗೆ ಸರಿಕಾಣುವುದಿಲ್ಲ.

ಬಯಲುಸೀಮೆ

ಥಾಯ್ಲೆಂಡಿನ ಹೆಸರು ಹೇಳಿ ಓದುಗರನ್ನು ಹೆದರಿಸುವುದು ನ್ಯಾಯವಲ್ಲ. ಅಲ್ಲಿ ಮೀಸಲಿನ ಮುಕ್ಕಾಲು ಪಾಲಿನ ಹತ್ತಿರ ಮಾತಿಗೆ ಬಿದ್ದಿತ್ತು, ಇಲ್ಲಿ ಏಳರಲ್ಲಿ ಒಂದು ಪಾಲು. ಅಲ್ಲಿ ಮುಚ್ಚಿಟ್ಟಿದ್ದರು, ಇಲ್ಲಿ ಪ್ರತಿ ತಿಂಗಳೂ ಪ್ರಕಟಿಸುತ್ತಾರೆ. ಪ್ರಕಟಿಸುವುದರಿಂದಲೇ ನಾವು ಇಲ್ಲಿ ಚರ್ಚೆ ಮಾಡುತ್ತಿದ್ದೇವೆ. ಅಲ್ಲದೆ ಆರ್‌ಬಿಐ ಡಾಲರ್ ಕೊಡಬೇಕಾದದ್ದು ಬ್ಯಾಂಕುಗಳಿಗೆ, ಸಾಲ ಕೊಟ್ಟ ವಿದೇಶಿಯವನಿಗಲ್ಲ. ಕೊಟ್ಟ ಡಾಲರೆಲ್ಲ ಮರುದಿನವೇ ದೇಶ ಬಿಟ್ಟು ಹೋಗುತ್ತದೆ ಎಂದು ಭಾವಿಸುವುದಾದರೂ ಏಕೆ? 2025ರ ಜೂನ್ ಹೊತ್ತಿಗೆ ಆ 88.7 ಶತಕೋಟಿ ಸುಮಾರು 60 ಶತಕೋಟಿಗೆ ಇಳಿದಿತ್ತು, ಮೀಸಲು ಅದೇ ತಿಂಗಳ ಕೊನೆಗೆ ಮತ್ತೆ 700 ಶತಕೋಟಿ ದಾಟಿತ್ತು. ಮಾತು ಕೊಟ್ಟದ್ದನ್ನು ತೀರಿಸಿಯೂ ಕಣಜ ತುಂಬಿತಲ್ಲ!

ಅರ್ಥಶಾಸ್ತ್ರದ ಮೇಷ್ಟ್ರು

ಪ್ರಮಾಣದ ಬಗ್ಗೆ ನಿಮ್ಮ ಮಾತನ್ನು ಒಪ್ಪುತ್ತೇನೆ, ಮುಚ್ಚಿಡುವುದಕ್ಕೂ ಪ್ರಕಟಿಸುವುದಕ್ಕೂ ಇರುವ ಅಂತರವನ್ನೂ ಒಪ್ಪುತ್ತೇನೆ. ಆದರೆ 2025ರ ಏಪ್ರಿಲ್ ನಂತರ ಡಾಲರ್ ಜಗತ್ತಿನಾದ್ಯಂತ ದುರ್ಬಲವಾಯಿತು, ಅದರಿಂದ ಹೊರೆ ಇಳಿಸಿಕೊಳ್ಳಲು ಅನುಕೂಲವಾಯಿತು. ಅನುಕೂಲ ಒದಗಿದ ಒಂದು ವರ್ಷವನ್ನು ಕಂಡು, ಒದಗದ ವರ್ಷವನ್ನು ಲೆಕ್ಕದಿಂದ ಬಿಡಲಾಗದು.

ನೆರೆಯ ಶ್ರೀಲಂಕಾವನ್ನೇ ನೋಡಿ. 2022ರ ಮಾರ್ಚ್ ಕೊನೆಗೆ ಅಲ್ಲಿನ ಅಧಿಕೃತ ಮೀಸಲು 1.9 ಶತಕೋಟಿ ಡಾಲರ್ ಎಂದಿತ್ತು. ಅದರಲ್ಲಿ ಸುಮಾರು 1.5 ಶತಕೋಟಿ ಚೀನಾದ ಕೇಂದ್ರ ಬ್ಯಾಂಕಿನ ಸ್ವಾಪ್. ಮೂರು ತಿಂಗಳ ಆಮದಿಗೆ ಸಾಲುವಷ್ಟು ಮೀಸಲು ಇದ್ದರೆ ಮಾತ್ರ ಬಳಸಬಹುದು ಎಂಬ ಷರತ್ತು ಅದಕ್ಕಿತ್ತು. ಮೀಸಲು ಸಾಕಷ್ಟಿದ್ದರೆ ಮಾತ್ರ ಮುಟ್ಟಬಹುದಾದ ಮೀಸಲು! ಇನ್ನೊಂದೆಡೆ, ಆ ವರ್ಷದ ಜನವರಿ 18ರಂದು 500 ದಶಲಕ್ಷ ಡಾಲರಿನ ಬಾಂಡ್ ತೀರಿಸಬೇಕು, ಜುಲೈನಲ್ಲಿ ಇನ್ನೂ ಒಂದು ಶತಕೋಟಿ ಕಟ್ಟಬೇಕು ಎಂಬುದು ವರ್ಷಗಳ ಹಿಂದೆಯೇ ಬರೆದಿಟ್ಟ ಸಂಗತಿ, ‘ಪೂರ್ವನಿಗದಿತ’ ಎಂಬ ಪದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಜನವರಿಯದನ್ನು ಕಟ್ಟಿದರು. ಏಪ್ರಿಲ್ 12ರಂದು ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿರುವುದಾಗಿ ಘೋಷಿಸಿದರು. ಮೇ 4ರಂದು ಹಣಕಾಸು ಸಚಿವ ಅಲಿ ಸಬ್ರಿ ಅವರು ಬಳಸಬಹುದಾದ ಮೀಸಲು 50 ದಶಲಕ್ಷ ಡಾಲರಿಗಿಂತಲೂ ಕಡಿಮೆ ಎಂದು ಸಂಸತ್ತಿನಲ್ಲಿ ಹೇಳಿದರು.

ಕರಾವಳಿಯವ

ಮೇಷ್ಟ್ರು ಅನಿವಾಸಿ ಠೇವಣಿಯ ಮಾತೆತ್ತಿದ್ದರಿಂದ ಬರೆಯುತ್ತಿದ್ದೇನೆ. 1990ರಲ್ಲಿ ನಾನು ದಕ್ಷಿಣ ಕನ್ನಡದ ಒಂದು ಬ್ಯಾಂಕ್ ಶಾಖೆಯಲ್ಲಿ ಗುಮಾಸ್ತನಾಗಿದ್ದೆ. ನಮ್ಮ ಶಾಖೆಯ ಠೇವಣಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವವರದು. ಆ ಆಗಸ್ಟ್ 2ರಂದು ಇರಾಕ್ ಕುವೈತ್‌ಗೆ ನುಗ್ಗಿತು. ಕೆಲವು ವಾರಗಳಲ್ಲಿ ಅಮ್ಮಾನ್ ಮಾರ್ಗವಾಗಿ ಏರ್ ಇಂಡಿಯಾ ವಿಮಾನಗಳಲ್ಲಿ ಜನ ಊರಿಗೆ ಮರಳತೊಡಗಿದರು. ಒಬ್ಬರು ನನ್ನ ಕೌಂಟರಿನ ಮೇಲೆ ಕರವಸ್ತ್ರ ಬಿಚ್ಚಿ ಕುವೈತ್ ದಿನಾರ್‌ಗಳ ಒಂದು ಕಟ್ಟನ್ನು ಇಟ್ಟರು. ಹದಿನಾಲ್ಕು ವರ್ಷದ ದುಡಿಮೆಯಲ್ಲಿ ಕೈಯಲ್ಲಿ ಉಳಿದದ್ದು ಅಷ್ಟೇ ಎಂದರು. ಹಿಂದಿನ ತಿಂಗಳವರೆಗೆ ಜಗತ್ತಿನ ಅತ್ಯಂತ ತೂಕದ ಹಣಗಳಲ್ಲಿ ಒಂದಾಗಿದ್ದ ಆ ನೋಟನ್ನು ಬದಲಾಯಿಸಿಕೊಡಲು ನಮಗೆ ಆದೇಶವಿರಲಿಲ್ಲ. ಮ್ಯಾನೇಜರ್ ಅವರನ್ನು ಒಳಗೆ ಕೂರಿಸಿ ಚಹಾ ತರಿಸಿದರು, ಮತ್ತೇನು ಮಾಡಲೂ ತೋಚಲಿಲ್ಲ.

ಕುವೈತ್‌ನಿಂದ ಮರಳಿದವರು ಠೇವಣಿ ಮುರಿದದ್ದು ಹೊಟ್ಟೆಪಾಡಿಗೆ, ಆ ಹಣ ರೂಪಾಯಿಯಾಗಿ ಇಲ್ಲೇ ಉಳಿಯಿತು. ಆದರೆ ಹೊರಗೇ ಇದ್ದ ಇನ್ನೊಂದು ವರ್ಗ, ದೇಶದ ಪರಿಸ್ಥಿತಿಯ ಸುದ್ದಿ ಕೇಳಿ, ಅವಧಿ ಮುಗಿದ ಡಾಲರ್, ಪೌಂಡ್ ಠೇವಣಿಯನ್ನು ನವೀಕರಿಸದೆ ಹೊರಗೇ ತರಿಸಿಕೊಂಡಿತು. ನಮಗೆ ಆಗ ಕಂಡದ್ದು ಒಂದೊಂದು ಅರ್ಜಿ, ಒಂದೊಂದು ಸಹಿ. ಅವೆಲ್ಲ ಸೇರಿ ದೆಹಲಿ, ಮುಂಬೈಗಳಲ್ಲಿ ಏನಾಗುತ್ತಿತ್ತು ಎಂಬುದು ತಿಳಿದದ್ದು ಮರುವರ್ಷ, ಚಿನ್ನ ಅಡವಿಟ್ಟ ಸುದ್ದಿ ಬಂದಾಗ.

ಹಳೆಯ ಟ್ರೆಷರಿ

ಕರಾವಳಿಯವರು ಹೇಳಿದ ಆ ಠೇವಣಿಯ ಹೆಸರು ಎಫ್‌ಸಿಎನ್‌ಆರ್‌-ಎ. 1975ರಲ್ಲಿ ಆರಂಭವಾದ ಆ ಯೋಜನೆಯಲ್ಲಿ ವಿನಿಮಯ ದರದ ನಷ್ಟವನ್ನು ಬ್ಯಾಂಕು ಹೊರುತ್ತಿರಲಿಲ್ಲ, ಠೇವಣಿದಾರನೂ ಹೊರುತ್ತಿರಲಿಲ್ಲ, ಆರ್‌ಬಿಐ ಹೊರುತ್ತಿತ್ತು. ಹೊರೆಯ ಗಾತ್ರವನ್ನು ಮೀಸಲಿನ ಪಕ್ಕದಲ್ಲಿಟ್ಟು ತೋರಿಸುವ ಪಟ್ಟಿ ಆಗ ಇರಲಿಲ್ಲ. 1991ರ ಜುಲೈ 1 ಮತ್ತು 3ರಂದು ಎರಡು ಹಂತಗಳಲ್ಲಿ ರೂಪಾಯಿಯನ್ನು ಅಪಮೌಲ್ಯಗೊಳಿಸಿದಾಗ ಪ್ರತಿಯೊಂದು ಠೇವಣಿಯನ್ನು ಹಿಂತಿರುಗಿಸಲು ಹೆಚ್ಚಿದ ರೂಪಾಯಿ ವೆಚ್ಚವೂ ಆರ್‌ಬಿಐ ತಲೆಗೆ ಬಂತು. 1994ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟರು. ಅದರ ಜಾಗಕ್ಕೆ ಬಂದ ಎಫ್‌ಸಿಎನ್‌ಆರ್‌-ಬಿಯಲ್ಲಿ ದರದ ಹೊರೆ ಬ್ಯಾಂಕುಗಳದು. ಚಿನ್ನದ ವಿಷಯ ಹೇಳುವುದಾದರೆ, 1991ರ ಮೇ ತಿಂಗಳಲ್ಲಿ ಸರ್ಕಾರದ 20 ಟನ್‌ ಅನ್ನು ಮರಳಿ ಕೊಳ್ಳುವ ಹಕ್ಕಿನೊಂದಿಗೆ ಸ್ಟೇಟ್ ಬ್ಯಾಂಕ್ ಮೂಲಕ ಮಾರಿದರು, ಜುಲೈನಲ್ಲಿ ಆರ್‌ಬಿಐ ಸುಮಾರು 47 ಟನ್‌ ಅನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್‌ಗಳ ಸಾಲಕ್ಕೆ ಅಡವಿಟ್ಟಿತು. ಅದರಿಂದ ಸಿಕ್ಕಿದ್ದು ಸುಮಾರು 400 ದಶಲಕ್ಷ ಡಾಲರ್.

ತುಂಗಾತೀರ

ಎಲ್ಲರಿಗೂ ಕೃತಜ್ಞತೆ. ಎರಡು ಸಂಶಯ ಉಳಿದಿವೆ. ಒಂದು, ವಿದೇಶಿ ಹೂಡಿಕೆದಾರರು ಷೇರು ಮಾರಿಕೊಂಡು ಹೋಗುವುದು ಈ ಪಟ್ಟಿಯ ಯಾವ ಸಾಲಿನಲ್ಲಿ ಬರುತ್ತದೆ? ಇನ್ನೊಂದು, ಹೊರಹರಿವಿನ ದಿನ ಮೊದಲೇ ಗೊತ್ತಿದ್ದರೆ ಅದನ್ನು ಯಾವ ಗದ್ದಲವೂ ಇಲ್ಲದೆ ನಿಭಾಯಿಸಿದ ಉದಾಹರಣೆ ಇದೆಯೇ?

ಹಳೆಯ ಟ್ರೆಷರಿ

ಮೊದಲನೆಯದಕ್ಕೆ ಉತ್ತರ: ಯಾವ ಸಾಲಿನಲ್ಲೂ ಬರುವುದಿಲ್ಲ. 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಅವರು ಷೇರುಪೇಟೆಯಿಂದ ಸುಮಾರು 94,000 ಕೋಟಿ ರೂಪಾಯಿ ಹಿಂತೆಗೆದರು. ಆದರೆ ಷೇರು ಸಾಲವಲ್ಲ, ಇಂಥ ದಿನ ಇಷ್ಟು ಕೊಡುತ್ತೇವೆಂದು ಯಾರೂ ಬರೆದುಕೊಟ್ಟಿಲ್ಲ. ಅವರಿಗೆ ಡಾಲರ್ ಕೊಡಲೇಬೇಕೆಂಬ ಕಟ್ಟು ಆರ್‌ಬಿಐಗೂ ಇಲ್ಲ. ರೂಪಾಯಿ ಇಳಿಯಲು ಬಿಟ್ಟರೆ ಹೊರಗೆ ಹೋಗುವವನೇ ಹೆಚ್ಚು ಬೆಲೆ ತೆತ್ತು ಡಾಲರ್ ಕೊಳ್ಳುತ್ತಾನೆ. ಇಳಿಯಲು ಬಿಡೆನು ಎಂದು ಆರ್‌ಬಿಐ ನಿರ್ಧರಿಸಿದಾಗ ಮಾತ್ರ ಅದು ಮೀಸಲಿನ ಹೊರಹರಿವಾಗುತ್ತದೆ, ಆ ಮಾರಾಟ ಫಾರ್ವರ್ಡ್‌ನಲ್ಲಿ ನಡೆದರೆ ಆಗ ಎರಡನೆಯ ಭಾಗಕ್ಕೆ ಬರುತ್ತದೆ.

ಎರಡನೆಯದಕ್ಕೆ 2013ರ ಉದಾಹರಣೆ ಕೊಡುತ್ತೇನೆ, ಅದನ್ನು ನಾನು ಮೇಜಿನ ಈ ಬದಿಯಿಂದ ಕಂಡಿದ್ದೇನೆ. ಆ ಆಗಸ್ಟ್ 28ರಂದು ರೂಪಾಯಿ ಡಾಲರಿಗೆ 68 ದಾಟಿತ್ತು. ಸೆಪ್ಟೆಂಬರ್ 4ರಂದು ಗವರ್ನರ್ ಆಗಿ ಬಂದ ರಘುರಾಂ ರಾಜನ್ ಅದೇ ದಿನ ಒಂದು ಸ್ವಾಪ್ ಸೌಲಭ್ಯ ಘೋಷಿಸಿದರು: ಬ್ಯಾಂಕುಗಳು ಮೂರು ವರ್ಷ ಅಥವಾ ಹೆಚ್ಚಿನ ಅವಧಿಗೆ ಎಫ್‌ಸಿಎನ್‌ಆರ್‌-ಬಿ ಠೇವಣಿ ತಂದರೆ ಆ ಡಾಲರನ್ನು ಆರ್‌ಬಿಐ ಪಡೆದು, ವರ್ಷಕ್ಕೆ ಶೇ 3.5ರ ನಿಗದಿತ ವೆಚ್ಚದಲ್ಲಿ ಮರಳಿ ಕೊಡುವ ಹೊಣೆ ಹೊರುತ್ತದೆ. ಪೇಟೆಯ ದರಕ್ಕಿಂತ ಅದು ಬಹಳ ಅಗ್ಗವಾಗಿತ್ತು. ನಮ್ಮ ವಿಭಾಗದಲ್ಲಿ ನವೆಂಬರ್ ಕೊನೆಯ ವಾರ ಯಾರೂ ಸಂಜೆ ಏಳಕ್ಕೆ ಮೊದಲು ಮನೆಗೆ ಹೋದದ್ದಿಲ್ಲ; ದುಬೈಯಿಂದ, ಸಿಂಗಪುರದಿಂದ ಬಂದ ಠೇವಣಿಗಳಲ್ಲಿ ಎಷ್ಟೋ, ಠೇವಣಿದಾರ ಅಲ್ಲಿನ ಬ್ಯಾಂಕಿನಿಂದ ಅಗ್ಗದ ಬಡ್ಡಿಗೆ ಸಾಲ ಎತ್ತಿ ಇಲ್ಲಿ ಇಟ್ಟವು ಎಂಬುದು ಎಲ್ಲರಿಗೂ ಗೊತ್ತಿತ್ತು. ಬ್ಯಾಂಕುಗಳ ವಿದೇಶಿ ಸಾಲಕ್ಕೆ ಕೊಟ್ಟ ಇಂಥದೇ ಸೌಲಭ್ಯವೂ ಸೇರಿ ಒಟ್ಟು 34 ಶತಕೋಟಿ ಡಾಲರ್ ಬಂತು.

ಸಾಲ ಮಾಡಿ ತಂದ ಠೇವಣಿ ಅವಧಿ ಮುಗಿದ ದಿನವೇ ಹೋಗುತ್ತದೆ, ನವೀಕರಣದ ಆಸೆ ಇಟ್ಟುಕೊಳ್ಳುವಂತಿಲ್ಲ. 2016ರ ಸೆಪ್ಟೆಂಬರಿನಿಂದ ನವೆಂಬರಿನವರೆಗೆ ಮೂರು ತಿಂಗಳಲ್ಲಿ ಇಪ್ಪತ್ತು ಶತಕೋಟಿಗೂ ಮೀರಿದ ಡಾಲರ್ ಹೊರಹೋಗುವುದು ನಿಶ್ಚಿತವೆಂದು ಮೂರು ವರ್ಷ ಮೊದಲೇ ಗೊತ್ತಿದ್ದರಿಂದ ಆರ್‌ಬಿಐ ಅದೇ ಅವಧಿಗೆ ತಾಳೆಯಾಗುವಂತೆ ಡಾಲರನ್ನು ಫಾರ್ವರ್ಡ್‌ನಲ್ಲಿ ಮೊದಲೇ ಕೊಂಡಿಟ್ಟಿತು. ಅಂದರೆ ಪಟ್ಟಿಯ ಒಂದು ಸಾಲಿನ ಮೈನಸ್ಸಿಗೆ ಎದುರಾಗಿ ಇನ್ನೊಂದು ಸಾಲಿನ ಪ್ಲಸ್ ನಿಂತಿತ್ತು. ಠೇವಣಿಗಳು ಹೋದವು, ಆ ಕಾರಣಕ್ಕೆ ಪೇಟೆಯಲ್ಲಿ ಗದ್ದಲವೇನೂ ಆಗಲಿಲ್ಲ. ಆ ನವೆಂಬರಿನಲ್ಲಿ ದೇಶಕ್ಕೆ ನೋಟು ರದ್ದತಿಯ ಚಿಂತೆ ಇದ್ದುದರಿಂದ ಇದನ್ನು ಗಮನಿಸಿದವರೂ ಕಡಿಮೆ.

ನೀವು ನೋಟ್‌ಬುಕ್ ಇಡುವವರಾದ್ದರಿಂದ ಒಂದು ಮಾತು. ಆರ್‌ಬಿಐ ಬುಲೆಟಿನ್‌ನಲ್ಲಿ ಫಾರ್ವರ್ಡ್ ಬಾಕಿಯನ್ನು ಅವಧಿವಾರು ಕೊಡುವ ಕೋಷ್ಟಕವಿದೆ, ಅದರಲ್ಲಿ ಒಂದು ವರ್ಷ ಮೀರಿದವುಗಳ ಲೆಕ್ಕವೂ ಇದೆ. ಐಎಂಎಫ್ ನಮೂನೆಯ ಎರಡನೆಯ ಭಾಗದಲ್ಲಿ ಅದಿಲ್ಲ. 2025ರ ಫೆಬ್ರವರಿ 28 ಮತ್ತು ಮಾರ್ಚ್ 24ರಂದು ಆರ್‌ಬಿಐ ಹತ್ತು ಹತ್ತು ಶತಕೋಟಿ ಡಾಲರಿನ ಎರಡು ಸ್ವಾಪ್ ಹರಾಜುಗಳನ್ನು ನಡೆಸಿತು, ಎರಡೂ ಮೂರು ವರ್ಷದವು. ಮರಳಿ ಕೊಡಬೇಕಾದ ದಿನಗಳು 2028ರ ಮಾರ್ಚ್‌ನಲ್ಲಿವೆ. ಆದ್ದರಿಂದ ಆ 20 ಶತಕೋಟಿ ಎರಡು ವರ್ಷ ‘ಅಲ್ಪಾವಧಿ’ ಕಾಲಂಗಳಲ್ಲಿ ಕಾಣದು. 2027ರ ಮಾರ್ಚ್ ದಾಟಿದ ಮೇಲೆ, ಹೊಸದಾಗಿ ಯಾರೂ ಏನೂ ಮಾಡದಿದ್ದರೂ, ಮೂರನೆಯ ಕಾಲಂನ ಮೈನಸ್ಸಿಗೆ ಬಂದು ಸೇರುತ್ತದೆ. ಅಂದು ಪತ್ರಿಕೆಯಲ್ಲಿ ಹೊರೆ ಹಠಾತ್ತನೆ ಏರಿತೆಂಬ ಸುದ್ದಿ ಕಂಡರೆ ಈ ಎರಡು ದಿನಾಂಕಗಳನ್ನು ನೆನಪಿಸಿಕೊಳ್ಳಿ.